ಎಂಜಲು ಮುಟ್ಟದ ರೇಷ್ಮೆ

ಸಾಯುತ್ತಿದ್ದ ಕಸುಬಿಗೆ ಜೀವ ಕೊಡುತ್ತೇವೆ ಎಂದು ಹೊರಟ ಸಂಘದವರು ಎಲ್ಲಕ್ಕಿಂತ ಮೊದಲು ಮಾಡಿಸಿದ್ದು ಒಂದು ಗೊಂಬೆ. ರೇಷ್ಮೆಹುಳದ ಆಕಾರದ, ದಪ್ಪ ಕಣ್ಣಿನ, ಒಳಗೆ ಮನುಷ್ಯ ಹೊಕ್ಕು ಕುಣಿಯುವಂಥ ಗೊಂಬೆ. ಆಮೇಲೆ ಟೀ ಶರ್ಟು ಬಂತು, ಬಿಸ್ಕತ್ತು ಬಂತು, ಸ್ಟೇಷನ್ನಿನಲ್ಲಿ ಫಲಕ ಬಂತು. ನೂಲು ತೆಗೆಯುವವರು ಊರಿನಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂದು ನಾನು ಕೇಳಿದಾಗ ಸಂಘದ ಅಧ್ಯಕ್ಷರು ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು, ಒಬ್ಬರು ಎಂದರು.

ನಾನು ಜಪಾನಿನ ವಾಕೋದಲ್ಲಿ ಪ್ರೋಟೀನುಗಳ ಬಗ್ಗೆ ಸಂಶೋಧನೆ ಮಾಡುವವಳು. ಆ ಬೆಟ್ಟದ ಊರಿಗೆ ನನ್ನನ್ನು ಕರೆಸಲು ಕಾರಣವಿತ್ತು. ಅಲ್ಲಿ ಬೇಯಿಸಿದ ಗೂಡುಗಳನ್ನು ಬಿಡಿಸಿ ಅರಳೆ ಮಾಡಿ, ಅದರಿಂದ ಕೈಯಲ್ಲೇ ಎಳೆ ತೆಗೆಯುತ್ತಾರೆ. ಹುರಿ ಹಾಕುವುದಿಲ್ಲ. ಬೆರಳನ್ನು ನಾಲಿಗೆಗೆ ತಾಗಿಸಿ, ಆ ಒದ್ದೆಯಿಂದಲೇ ಎಳೆಯನ್ನು ಕೂಡಿಸುತ್ತಾರೆ. ಎಂಜಲೇ ಅದರ ಅಂಟು. ಸಂಘದ ಗಣ್ಯರಿಗೆ ಇದು ನುಂಗಲಾರದ ತುತ್ತಾಗಿತ್ತು. ಕೊರೊನಾ ಬಂದು ಹೋದ ಮೇಲೆ ಪ್ರವಾಸಿಗರು ನೋಡಿದರೆ ಏನಂದುಕೊಂಡಾರು? ಆದ್ದರಿಂದ ಸ್ಪ್ರೇ ಬಾಟಲಿಯಲ್ಲಿ ತುಂಬಬಹುದಾದ ಶುಚಿಯಾದ ದ್ರವವೊಂದನ್ನು ನಾನು ಸೂಚಿಸಬೇಕಂತೆ.

ಅದರ ಅಗತ್ಯವೇ ಇಲ್ಲ, ನೇಯ್ದ ಮೇಲೆ ಬಟ್ಟೆಯನ್ನು ಹೇಗೂ ಬಿಸಿನೀರಿನಲ್ಲಿ ತೊಳೆಯುತ್ತೀರಲ್ಲ ಎಂದೆ. ಅಧ್ಯಕ್ಷರು ನನ್ನ ಮಾತುಮಾತಿಗೂ ತಲೆಯಾಡಿಸಿ, ಪರಿಶೀಲಿಸುತ್ತೇವೆ ಎಂದು ಸೊಂಟ ಬಗ್ಗಿಸಿದರು. ಮೈಸೂರಿನ ಸರ್ಕಾರಿ ಕಚೇರಿಗಳಿಗೆ ಅಲೆದವಳಿಗೆ ಆ ಮಾತಿನ ಅರ್ಥವನ್ನು ಜಪಾನಿನಲ್ಲಿ ಕಲಿಯಬೇಕಾಗಿರಲಿಲ್ಲ. ಮುಂದಿನ ಸಲ ಹೋದಾಗ ನೂಲು ತೆಗೆಯುವ ಚಾಪೆಯ ಮೇಲೆ ಮಾಸ್ಕು, ಗ್ಲೌಸು, ನೀಲಿ ಬಾಟಲಿಗಳು ಸಾಲಾಗಿ ಕೂತಿದ್ದವು.

ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವಳೂ ಸಂಘದ ಕಡೆಯೇ. "ಎಂಜಲು ಸೋಕಿದ ರೇಷ್ಮೇನ ಪೂಜೆಗೆ ಹೇಗೇ ಉಡೋದು?" ಎಂದಳು. ರೇಷ್ಮೆಯೆಲ್ಲ ಹುಳದ ಬಾಯಿಂದಲೇ ಬರುವುದು ಕಣಮ್ಮ ಎಂದರೆ ಫೋನಿಟ್ಟಳು. ಹುಳದ ಬಾಯಿಂದ ಬಂದರೆ ಮಡಿ, ಹೆಂಗಸಿನ ನಾಲಿಗೆ ತಗುಲಿದರೆ ಮೈಲಿಗೆ. ಈ ಬುದ್ಧಿಗೆ ಪಾಸ್‌ಪೋರ್ಟು ಬೇಕಿಲ್ಲ.

ನೂಲು ತೆಗೆಯುವ ಆ ಒಬ್ಬರೆಂದರೆ ಒಬ್ಬ ಅಜ್ಜಿ. ಅವರ ಪಕ್ಕದಲ್ಲಿ ಕೂತು ಕಲಿಯುತ್ತಿದ್ದವಳು ನಲವತ್ತು ದಾಟಿದ ಹೆಂಗಸು, ಕಾವಾಸಾಕಿ ನಗರದ ದಂತ ಚಿಕಿತ್ಸಾಲಯದಲ್ಲಿ ಸಹಾಯಕಿಯಾಗಿದ್ದವಳು. ಅರ್ಧ ಆಯಸ್ಸು ಬೇರೆಯವರ ಬಾಯಿ ತೊಳೆದವಳಿಗೆ ಎಂಜಲಿನ ಬಗ್ಗೆ ಪಾಠ ಹೇಳಲು ಈ ಮಹಾಶಯರು ಬಂದಿದ್ದರು. ಕೆಲಸ ಬಿಟ್ಟು, ಮನೆ ಖಾಲಿ ಮಾಡಿ ಬಂದಿದ್ದಳು. ಅಜ್ಜಿಯ ನಂತರ ಆ ಚಾಪೆಯ ಮೇಲೆ ಕೂರಬೇಕು ಎಂಬುದೊಂದೇ ಅವಳ ಆಸೆ. ಆದರೆ ಬಾಟಲಿಯ ನೀರಿನಿಂದ ತೆಗೆದ ನೂಲು ಮಗ್ಗದ ಮೇಲೆ ನಿಲ್ಲುತ್ತಿರಲಿಲ್ಲ. ನಾಲಿಗೆಯಿಂದ ತೆಗೆದದ್ದನ್ನು ಸಂಘ ಮುಟ್ಟುತ್ತಿರಲಿಲ್ಲ. ಹೀಗೇ ಆದರೆ ವಸಂತಕ್ಕೆ ಅವಳನ್ನು ಕಳಿಸಿಬಿಡುತ್ತೇವೆ ಎಂದು ಸಂಘದವರು ಬಹಳ ವಿನಯದಿಂದ ತಿಳಿಸಿದ್ದರು. ಅಜ್ಜಿ ಮಾತ್ರ, ಪ್ರದರ್ಶನಕ್ಕೆ ಮೇಲಿನ ಅಧಿಕಾರಿಗಳು ಬರಲಿ, ನಾಲಿಗೆಯಿಲ್ಲದೆ ಈ ನೂಲಿಲ್ಲ ಎಂದು ನಾನೇ ಬಾಯಿಬಿಟ್ಟು ಹೇಳುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದರು.

ಪ್ರದರ್ಶನದ ದಿನ ಗೊಂಬೆ ಕುಣಿಯಿತು. ಮಗ್ಗದ ಮೇಲಿದ್ದದ್ದು ಹೊರಗಿನಿಂದ ತರಿಸಿದ ಮಿಲ್ಲಿನ ನೂಲು. ಅಧಿಕಾರಿಗಳು ಅದನ್ನು ಸವರಿ ಸವರಿ, ಕೈನೂಲಿನ ಹಿತವೇ ಬೇರೆ ಎಂದು ಕಣ್ಣು ಮುಚ್ಚಿಕೊಂಡರು. ನನಗೆ ಮೈ ಉರಿದುಹೋಯಿತು. ಅಜ್ಜಿ ಮಾಸ್ಕು ಹಾಕಿಕೊಂಡು, ಗ್ಲೌಸಿಗೆ ಅಂಟಿಕೊಳ್ಳುತ್ತಿದ್ದ ಅರಳೆಯ ಮೇಲೆ ನೀರು ಚಿಮುಕಿಸುತ್ತಿದ್ದರು. ಶಿಷ್ಯೆ ಪಕ್ಕದಲ್ಲಿ ಮೊಣಕಾಲೂರಿ ಕಾಯುತ್ತಿದ್ದಳು. ಅಧಿಕಾರಿಯೊಬ್ಬ ಬಗ್ಗಿ, ಹಿಂದಿನಿಂದಲೂ ಹೀಗೇನಾ ನೂಲು ತೆಗೆಯುವುದು ಎಂದು ಅಜ್ಜಿಯನ್ನು ಕೇಳಿದ.

ಅಜ್ಜಿ ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಮುಗುಳ್ನಗುತ್ತಲೇ ಬೆವರುತ್ತಿದ್ದರು. ಅತಿಥಿಗಳ ಎದುರು ಊರಿನವರಿಗೆ ಮುಖಭಂಗ ಮಾಡಬಾರದು ಎಂಬ ಮರ್ಯಾದೆಯೊಂದು ಇಲ್ಲಿದೆ. ಅದನ್ನು ಹೊಗಳುವವರನ್ನು ಕಂಡರೆ ಅಂದಿನಿಂದ ನನಗಾಗುವುದಿಲ್ಲ.

"ಹೌದು, ಹೀಗೇ," ಎಂದರು ಅಜ್ಜಿ.

ಚಪ್ಪಾಳೆ ಬಿತ್ತು. ಅಧ್ಯಕ್ಷರು ಎಲ್ಲರಿಗೂ ಬಿಸ್ಕತ್ತು ಹಂಚಿದರು.

ಸಂಜೆಯ ರೈಲಿನಲ್ಲಿ ಶಿಷ್ಯೆ ನನ್ನ ಪಕ್ಕದಲ್ಲಿದ್ದಳು, ಕಾಲ ಬಳಿ ದೊಡ್ಡ ಚೀಲ. ಹಳೆಯ ಚಿಕಿತ್ಸಾಲಯದವರು ಮತ್ತೆ ಸೇರಿಸಿಕೊಳ್ಳುತ್ತಾರಂತೆ. ನಾನು ಅಧ್ಯಕ್ಷರನ್ನು, ಸಂಘವನ್ನು, ಗೊಂಬೆಯನ್ನು ಬಾಯಿಗೆ ಬಂದಂತೆ ಬೈದೆ. ಅಜ್ಜಿಯನ್ನೂ ಬಿಡಲಿಲ್ಲ. ಅವಳು, ನಿಜವಾಗಿಯೂ ತಿಳಿಯಬೇಕು ಎನ್ನುವ ಹಾಗೆ, ನನ್ನ ಕಡೆ ತಿರುಗಿದಳು.

"ಹಿಂದಿನಿಂದಲೂ ಹೀಗೇ ಅಂತ ಅವರೇ ಹೇಳಿಬಿಟ್ರು. ಹಾಗಾದ್ರೆ ಇಷ್ಟು ದಿನ ನಾನು ಕಲಿತಿದ್ದು ಏನನ್ನ?"