ಕೊಂಡಿ ಹಚ್ಚಿದ ಹೊನ್ನು

ನಿನ್ನೆ ನಮ್ಮ ಮೊಮ್ಮಗಳನ್ನ ತೊಟ್ಟಲದಾಗ ಹಾಕಿದಿವಿ. ಮೂರು ಗಂಡು ಮೊಮ್ಮಕ್ಕಳ ಮ್ಯಾಲ ಬಂದ ಹೆಣ್ಣು. ನನ್ನ ಕಾಲು ನೆಲಕ್ಕ ಹತ್ತಲಿಲ್ಲ. ಗುಗ್ಗರಿ ಹಂಚಿದೆ, ಹಂಚಿದವರಿಗೇ ಮತ್ತ ಹಂಚಿದೆ. ಸೊಸಿ ಬಂದು, "ಅತ್ತಿ, ಇವರಿಗೆ ಆಗಲೇ ಕೊಟ್ಟೀರಿ" ಅಂದಳು. "ಕೊಟ್ಟರ ಏನಾತು? ನನ್ನ ಕೈಗೆ ಇವತ್ತು ಲೆಕ್ಕ ಗೊತ್ತಾಗಂಗಿಲ್ಲ, ಸುಮ್ಮನಿರು" ಅಂದೆ. ಹೆಣ್ಣಮಕ್ಕಳೆಲ್ಲಾ ನಕ್ಕರು.

ಹೆಸರು ಕರೆದಾದ ಮ್ಯಾಲ ಕೂಸಿನ ಕೊಳ್ಳಾಗ ಕರೀ ದಾರದಾಗ ಒಂದು ಹಳೇ ಹೊನ್ನು ಕಟ್ಟಿದೆ. ಬೆರಳಿನ ಉಗುರಿನಷ್ಟು ಬಂಗಾರದ ನಾಣ್ಯ, ಮ್ಯಾಲೊಂದು ಕೊಂಡಿ. ಬಾಜೂ ಮನಿಯಾಕಿ ಕೈಯಾಗ ಹಿಡಿದು ನೋಡಿ, "ಭಾಳ ಚಂದ ಅದ. ಮನಿತನದ್ದೇನ್ರಿ?" ಅಂದಳು. ಹೌದಂದೆ. ಮುಂದಿನ ಮಾತು ತೊಟ್ಟಲದ ಮುಂದ ಆಡೋದಲ್ಲ. ಅದಕ್ಕ ಇಲ್ಲಿ ಬರಿಲಿಕತ್ತೀನಿ. ಮಠದಾಗ ಎರಡು ವರ್ಷ ಕಲಿತ ಅಕ್ಷರ ನಂದು. ಸೊಟ್ಟ ಇದ್ದರ ಓದೋರು ಹೊಟ್ಟ್ಯಾಗ ಹಾಕ್ಕೋಬೇಕು.

ನಾ ಸೇಡಂ ಊರಾಕಿ. ವಾಡಿಗೆ ಸೊಸಿಯಾಗಿ ಬಂದಾಗ ನಿಜಾಮನ ರಾಜ್ಯ ಇತ್ತು. ನಮ್ಮ ಕಡಿ ಹಾಲಿ ರೂಪಾಯಿ ನಡೀತಿತ್ತು, ಇಂಗ್ರೇಜರ ಕಡಿ ಕಲದಾರ ರೂಪಾಯಿ. ಸೊಲ್ಲಾಪುರ ಕಡಿಯಿಂದ ಬಂದೋರು ಹೈದರಾಬಾದಿಗೆ ಹೋಗಬೇಕಾದರ ವಾಡಿಯೊಳಗ ಇಳಿದು ಗಾಡಿ ಬದಲಿ ಮಾಡ್ತಿದ್ದರು. ಅವರಿಗೆ ರೂಪಾಯಿ ಬದಲಿ ಮಾಡಿಕೊಡೋದು ನಮ್ಮ ಮನಿಯವರ, ಅಂದರ ನನ್ನ ಗಂಡನ, ಧಂದೆ. ಠೇಶನ್ನಿನ ಹೊರಗ ಬೇವಿನ ಗಿಡದ ಕೆಳಗ ಒಂದು ಶಹಾಬಾದ ಕಲ್ಲು ಹಾಸಿ ಕುಂದರತಿದ್ದರು. ಕೈಗೆ ಬಂದ ನಾಣ್ಯ ಆ ಕಲ್ಲಿನ ಮ್ಯಾಲ ಬಡಿದು, ಸಪ್ಪಳ ಕೇಳಿ, ಖರೇದೋ ಖೋಟಾನೋ ಹೇಳತಿದ್ದರು.

ಸಪ್ಪಳ ಕೇಳೋದು ಮೊದಲು ಬರೇ ರೂಢಿ. ಆಮ್ಯಾಲ ಅದೇ ಆಧಾರ ಆತು. ಮೊದಲು ಅವರ ಎಡಗಣ್ಣು ಹೋಯ್ತು. ಬಲಗಣ್ಣಿಗೂ ಹೊಗಿ ಮುಸುಕಿದಂಗ ಕಾಣಾಕತ್ತಿತು. ಡಾಕ್ಟರು ನೋಡಿ, "ಸೊಲ್ಲಾಪುರಕ್ಕ ಒಯ್ದು ಲಗೂ ಕೊಯ್ಸಿದರ ಇದೊಂದು ಉಳದೀತು. ತಡಾ ಮಾಡಿದರ ಇದೂ ಹೋಗ್ತದ" ಅಂದರು. ಕೊಯ್ಸಲಿಕ್ಕೆ ರೊಕ್ಕ ಬೇಕು, ಅಲ್ಲೇ ತಿಂಗಳಾನುಗಟ್ಟಲೆ ಇರಬೇಕು. ಕಲ್ಲಿನ ಮ್ಯಾಲಿನ ಧಂದೆ ಅವತ್ತಿನ ರೊಟ್ಟಿಗೇ ಸಾಲತಿರಲಿಲ್ಲ.

ಆಗ ನಮ್ಮತ್ತಿ ದೇವರ ಜಗಲಿಯಿಂದ ಈ ಹೊನ್ನು ತೆಗೆದರು. ಅವರ ತವರು ಮಳಖೇಡ. ಅವರ ಅಜ್ಜಿ ಕೊಟ್ಟದ್ದು. ಸೊಲ್ಲಾಪುರದಾಗ ಒಬ್ಬ ಸೇಠ ಇದ್ದ, ಹಳೇ ನಾಣ್ಯ ಕೂಡಿಸೋ ಹುಚ್ಚಿನವ. ಹೈದರಾಬಾದಿಗೆ ಹೋಗ್ತಾ ಬರ್ತಾ ನಮ್ಮ ಕಲ್ಲಿಗೆ ಬರತಿದ್ದ. ಹೊನ್ನು ನೋಡಿದವನೇ ಉಸಿರು ಹಿಡಕೊಂಡ. ಅಂಗೈ ಮ್ಯಾಲ ಇಟ್ಟುಕೊಂಡು ಹೊಳ್ಳಿ ಹೊಳ್ಳಿ ನೋಡಿದ. "ಬಂಗಾರದ ತೂಕ ಬಿಡ್ರಿ. ಇದಕ್ಕ ನಿಮ್ಮ ಕಣ್ಣು ಕೊಯ್ಸಿ ಮ್ಯಾಲ ಉಳಿಯುವಷ್ಟು ಕೊಡ್ತೀನಿ. ಇದ್ದಹಂಗ ತಗೊಂಡು ಬರ್ರಿ" ಅಂದ. ಈಗಲೇ ಒಯ್ಯಿರಿ ಅಂದರ ಒಲ್ಲೆಂದ. "ನಾಕಾದಾಗ ಬರೆಸಿ ತರ್ರಿ. ಚೀಟಿ ಇಲ್ಲದ ಮಾಲು ನಾ ಮುಟ್ಟಂಗಿಲ್ಲ."

ನಾಕಾ ಅಂದರ ಸುಂಕದ ಕಟ್ಟಿ, ಠೇಶನ್ನಿನ ಬಾಗಿಲದಾಗೇ ಇತ್ತು. ರಾಜ್ಯ ಬಿಟ್ಟು ಮಾರಲಿಕ್ಕೆ ಒಯ್ಯೋದು ಏನಿದ್ದರೂ ಅಲ್ಲಿ ತೋರಿಸಿ, ಬರೆಸಿ, ಸುಂಕ ಕಟ್ಟಬೇಕು. ಸುಂಕಕ್ಕ ಅಂಜಿದವರಲ್ಲ ನಾವು. ಅಂಜಿದ್ದು ಬ್ಯಾರೇದಕ್ಕ. ಹಳೇ ಬಂಗಾರ ಅಂದಕೂಡಲೇ ಎಲ್ಲಿಂದ ಬಂತು ಅಂತ ಕೇಳತಾರ. ನೆಲದಾಗ ಸಿಕ್ಕದ್ದು ಸರಕಾರದ್ದು. ಮಳಖೇಡದಾಗ ಮಳಿ ಹೊಡೆದ ಮ್ಯಾಲ ಹೊಳಿ ದಂಡ್ಯಾಗ ಇಂಥಾ ನಾಣ್ಯ ಸಿಗತಿದ್ದವು. ಸಿಕ್ಕವರೆಲ್ಲಾ ಹೇಳತಿದ್ದದ್ದು ಒಂದೇ ಮಾತು: ನಮ್ಮ ಅಜ್ಜೀದು. ನಮ್ಮದು ಖರೇನೇ ಅಜ್ಜೀದು. ಆದರ ಆ ಮಾತು ಹೇಳಿದರ ಯಾರು ನಂಬತಾರ?

"ಬರೆಸಿದರ ಕಸಗೋತಾರ, ಮ್ಯಾಲ ಪೊಲೀಸ ಅಮೀನ ಬಂದು ಮನಿ ಅಗಸತಾನ" ಅಂದರು ಮನಿಯವರು.

ಅತ್ತಿ ವಿಚಾರ ಮಾಡಿ, "ತಮ್ಮಾ, ಮೈಮ್ಯಾಲಿನ ಒಡವಿಗೆ ಸುಂಕ ಅದ ಏನು?" ಅಂದರು.

"ಇಲ್ಲವ್ವಾ."

"ಹಂಗಾದರ ಕೊಂಡಿ ಹಚ್ಚಿಸು. ನಿನ್ನ ಹೇಣ್ತಿ ಕೊಳ್ಳಾಗ ಹಾಕ್ಕೊಂಡು ಹೋಗಲಿ. ಹೆಣ್ಣಮಗಳ ಕೊಳ್ಳಿಗೆ ಕೈ ಹಾಕೋ ಸರಕಾರ ಇನ್ನಾ ಹುಟ್ಟಿಲ್ಲ."

"ಚೀಟಿ ಕೇಳ್ತಾನಲ್ಲ ಸೇಠ?"

"ಒಡವಿ ಮಾರಲಿಕ್ಕೆ ಯಾವ ಚೀಟಿನೋ? ಅವನೇನು ನಿನ್ನ ಮಾವನಾ, ಎಲ್ಲಾ ಕೇಳಲಿಕ್ಕೆ?"

ಮನಿಯವರು ಒಂದೇ ಮಾತಿಗೆ ಗಟ್ಟಿ ನಿಂತರು. ತೂತು ಹಾಕಸಂಗಿಲ್ಲ. ತೂತಿನ ರೂಪಾಯಿಗೆ ಬೆಲಿ ಕಡಿಮಿ ಅಂಬೋದು ಅವರ ಧಂದೆ ಕಲಿಸಿದ ಮಾತು, ಯಾಕಂದರ ತೂಕ ಹೋಗ್ತದ. ಕೊಂಡಿ ಹಚ್ಚಿದರ ತೂಕ ಹೋಗಂಗಿಲ್ಲ, ಮ್ಯಾಲ ಒಂದೀಟು ಬಂಗಾರ ಕೂಡತದ. ಜನುಮ ಎಲ್ಲಾ ತಕ್ಕಡಿ ಹಿಡಿದ ಕೈ. ಅವರಿಗೆ ಅದರಾಗ ತಪ್ಪು ಕಾಣಲಿಲ್ಲ. ನನಗೂ ಕಾಣಲಿಲ್ಲ.

ಚಿತ್ತಾಪುರದ ಪತ್ತಾರ ಕೊಂಡಿ ಬೆಸೆದು ಕೊಟ್ಟ. ನಮ್ಮ ಮ್ಯಾಲಿನ ಅಂತಃಕರಣಕ್ಕ ಮಜೂರಿ ಇಲ್ಲದೇ ಹುಣಸಿಹುಳಿ ಹಚ್ಚಿ ತಿಕ್ಕಿ ತಿಕ್ಕಿ ಹೊಳಪೂ ಕೊಟ್ಟ. ಕೊಳ್ಳಾಗ ಹಾಕ್ಕೊಂಡು ಮನಿಗೆ ಬಂದಾಗ ಅತ್ತಿ ನನ್ನ ದೃಷ್ಟಿ ತೆಗೆದರು.

ಹೊರಡೋ ದಿನ ಮನಿಯವರ ಕೈ ಹಿಡಕೊಂಡು ಠೇಶನ್ನಿಗೆ ಹೋದೆ. ನಾಕಾದ ಮುನಶಿ ನಮ್ಮ ಗುರತಿನವರೇ. ಗಂಟು ಬಿಚ್ಚಿಸಿದರು. ರೊಟ್ಟಿ, ಶೇಂಗಾ ಹಿಂಡಿ, ಎರಡು ಧೋತರ.

"ಎಲ್ಲಿಗೆ ಹೊಂಟೀರಿ ಸಾಹುಕಾರ?" ಅಂತ ಮನಿಯವರನ್ನ ಕೇಳಿದರು. ಹರಕು ಅಂಗಿಯವರಿಗೆ ಸಾಹುಕಾರ ಅನ್ನೋದು ಅವರ ಚೇಷ್ಟಿ.

"ಕಣ್ಣು ತೋರಸಲಿಕ್ಕರಿ."

ಆಗ ಅವರ ನದರು ನನ್ನ ಕೊಳ್ಳಿನ ಮ್ಯಾಲ ಬಿತ್ತು. "ಹೊನ್ನು ಚಲೋ ಅದವ್ವಾ. ಹಿರೇರದೇನು?"

"ನಮ್ಮತ್ತಿ ಅಜ್ಜೀದ್ರಿ."

"ಹೌದು, ಮಳಖೇಡದವರು ಅವರು. ಜಗಲಿ ಮ್ಯಾಲ ಇದ್ದದ್ದು ನಾ ನೋಡೀನಲ್ಲ, ಹಬ್ಬಕ್ಕ ಕರೆದಾಗ. ಹೋಗಿಬರ್ರಿ, ಅಲ್ಲಾ ಕಣ್ಣು ಕೊಡಲಿ" ಅಂದು ಗಂಟು ತಾವೇ ಕಟ್ಟಿಕೊಟ್ಟರು.

ಗಾಡಿ ಶಹಾಬಾದ ದಾಟಿದ ಮ್ಯಾಲ ನಮ್ಮವರು, "ಆತ ಜಗಲಿ ಮ್ಯಾಲ ನೋಡ್ಯಾನಂತ. ಬರೆಸಿದ್ದರೂ ನಂಬತಿದ್ದ ಅಲ್ಲೇನು?" ಅಂದರು. "ಈಗ ದಾಟಿ ಬಂದೀವಲ್ಲರಿ, ಬಿಡ್ರಿ" ಅಂದೆ.

ಸೇಠ ಗಾದಿ ಮ್ಯಾಲ ಕುಂದರಿಸಿ ಚಹಾ ತರಿಸಿದ. ನಾ ಕೊಳ್ಳಿನಿಂದ ಬಿಚ್ಚಿ ಕೊಟ್ಟೆ. ಕೈಯಾಗ ಹಿಡಿದವನ ಮಾರಿ ನೋಡಿದೆ. ಹೆಣ ಕಂಡವರ ಮಾರಿ ಹಂಗ ಆಗಿತ್ತು.

"ಯಾರು ಮಾಡಿದರಿದು?"

"ಒಂದು ಗುಂಜಿನೂ ಕಡಿಮಿ ಆಗಿಲ್ಲರಿ, ತೂಗಿ ನೋಡ್ರಿ" ಅಂದರು ನಮ್ಮವರು.

"ತೂಗೋದೇನು ಅಣ್ಣಾ? ಇದ್ದಹಂಗ ತರ್ರಿ ಅಂದಿದ್ದೆ. ಬೆಂಕಿ ಹಚ್ಚಿ ಅಕ್ಷರ ಕರಗಿಸೀರಿ, ತಿಕ್ಕಿ ಮೂರ್ತಿ ಅಳಿಸೀರಿ. ಇದನ್ನ ನಾಣ್ಯ ಅಂತ ಯಾರೂ ಕೊಳ್ಳಂಗಿಲ್ಲ. ಈಗ ಇದು ಬರೇ ಒಡವಿ." ಪಾಪ, ಅವನೂ ಸಂಕಟ ಪಟ್ಟ. ಬಂಗಾರದ ಬೆಲಿ ಹೇಳಿದ. ಅದು ದವಾಖಾನಿ ಬಾಗಿಲ ತನಕ ಸಾಲತಿತ್ತು, ಒಳಗ ಅಲ್ಲ. ಮಾರದೇ ಎದ್ದು ಬರುವಾಗ ನಾನೇ ಕೇಳಿದೆ, ಬರೆಸಿದ್ದರ ಸುಂಕ ಎಷ್ಟಾಗ್ತಿತ್ತು ಅಂತ. ಸೇಠ ಹೇಳಿದ. ನಮ್ಮಿಬ್ಬರ ಗಾಡಿ ಖರ್ಚಿಗಿಂತ ಕಡಿಮಿ.

ದವಾಖಾನಿಗೆ ಹೋಗಲಿಲ್ಲ. ಠೇಶನ್ನಿನ ಕಟ್ಟಿ ಮ್ಯಾಲ ಕುಂತು ರೊಟ್ಟಿ ಗಂಟು ಬಿಚ್ಚಿದೆ, ಯಾರೂ ತಿನ್ನಲಿಲ್ಲ. ಅವರು ಹೊನ್ನು ಇಸಕೊಂಡು ನೆಲದ ಮ್ಯಾಲ ಬಡಿದು ಸಪ್ಪಳ ಕೇಳಿದರು. "ಸಪ್ಪಳ ಖರೇನೇ ಅದಲ್ಲ" ಅಂದರು. ಮತ್ತ ಬಡಿದರು. ನಾ ಕೈ ಹಿಡಿದು ನಿಲ್ಲಿಸಿದೆ.

ಮುಂದಿನ ಬ್ಯಾಸಗಿ ಮುಗಿಯೋದರಾಗ ಬಲಗಣ್ಣೂ ಹೋಯ್ತು. ನಮ್ಮ ಮಕ್ಕಳೆಲ್ಲಾ ಆಮ್ಯಾಲ ಹುಟ್ಟಿದವು. ಅತ್ತಿ ಸಾಯೋ ತನಕ ಆ ಜಗಲಿ ಮುಂದ ಕುಂತು ಒಂದು ದಿನಾನೂ ಕಣ್ಣೆತ್ತಿ ಮಗನ ಮಾರಿ ನೋಡಲಿಲ್ಲ.

ನಿನ್ನೆ ಕೂಸನ್ನ ನಮ್ಮ ಮನಿಯವರ ತೊಡಿ ಮ್ಯಾಲ ಹಾಕಿದೆ. ಹಣಿ, ಮೂಗು, ಗಲ್ಲ ಎಲ್ಲಾ ಸವರಿದರು. ಬೆರಳು ಇಳಿದು ಹೊನ್ನಿಗೆ ಹತ್ತಿತು, ಕೊಂಡೀಗೆ ಹತ್ತಿತು. ಅಲ್ಲೇ ನಿಂತಿತು.

"ಯಾರ ಹಂಗ ಅದ ಕೂಸು?" ಅಂದರು.

ನಾ ಖುಷೀಲೆ ಒದರಿದೆ, "ನಿಮ್ಮ ಹಂಗರಿ! ಅದೇ ಮೂಗು, ಅದೇ ಹಣಿ!"

"ಹೌದಾ?" ಅಂದರು. "ನಾ ಹೆಂಗ ಇದ್ದೆ ಅಂಬೋದೇ ನನಗ ಮರತದ."