ಹಳದಿಗೆ ತಿರುಗಿದ ಆರತಿ ನೀರು

ನನ್ನಮ್ಮ ಐವತ್ತೆಂಟನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಕಟ್ಟಿದಳು. ಭದ್ರಾವತಿಯಲ್ಲಿ ಓದುವಾಗ ವಿಜ್ಞಾನದಲ್ಲಿ ಫೇಲಾಗಿದ್ದಳು. ಇನ್ನೊಮ್ಮೆ ಬರೆಯುವಷ್ಟರಲ್ಲಿ ಮದುವೆಯಾಗಿ, ಓದು ಅಲ್ಲಿಗೇ ನಿಂತಿತು. ಅಪ್ಪ ತೀರಿಕೊಂಡ ಮೇಲೆ ಶಿವಮೊಗ್ಗಕ್ಕೆ, ವಿನೋಬನಗರದ ನಮ್ಮ ಮನೆಗೆ ಬಂದವಳು ಒಂದು ದಿನ ಕಾಫಿ ಲೋಟ ನನ್ನ ಮುಂದಿಟ್ಟು, "ನಾನೂ ಪಾಸಾಗ್ಬೇಕು ಕಣೇ. ಫೇಲಾದವಳು ಅನ್ನಿಸ್ಕೊಂಡೇ ಹೋಗೋಕೆ ನಂಗಿಷ್ಟ ಇಲ್ಲ" ಎಂದಳು.

ಉಳಿದ ವಿಷಯಗಳಿಗೆ ಅವಳು ಹೆದರಲಿಲ್ಲ. ಹೆದರಿಕೆ ಇದ್ದದ್ದು ವಿಜ್ಞಾನದ್ದು ಮಾತ್ರ. ನಾನು ಹೈಸ್ಕೂಲಿನಲ್ಲಿ ಅದನ್ನೇ ಪಾಠ ಮಾಡುವವಳು. ಆದರೆ ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ, ಮನೆಯವರ ಮೇಲಂತೂ ಇನ್ನೂ ಬೇಗ ಬರುತ್ತದೆ. ಭೌತ ಬದಲಾವಣೆ, ರಾಸಾಯನಿಕ ಬದಲಾವಣೆ ಎಂಬ ಪಾಠ ಬಂದಾಗ, ಹೊಸ ಪದಾರ್ಥ ಹುಟ್ಟುವುದು, ಪರಮಾಣುಗಳು ಬೇರೆ ಥರ ಜೋಡಣೆಯಾಗುವುದು ಎಂದೆಲ್ಲ ಬಿಡಿಸಿ ಹೇಳಲು ತಾಳ್ಮೆ ಇರಲಿಲ್ಲ. ಒಂದು ಅಡ್ಡದಾರಿ ಹೇಳಿಕೊಟ್ಟೆ: ವಾಪಸ್ ಮೊದಲಿನ ಹಾಗಾದರೆ ಭೌತ, ಆಗದಿದ್ದರೆ ರಾಸಾಯನಿಕ.

ಅಮ್ಮನಿಗೆ ಇದು ಬಹಳ ಹಿಡಿಸಿತು. ಅಡುಗೆಮನೆಯ ಯಾವ ಸಾಮಾನನ್ನೂ ಬಿಡಲಿಲ್ಲ. ತುಪ್ಪ ಗಟ್ಟಿಯಾದದ್ದು ಭೌತ, ಹಾಲು ಒಡೆದದ್ದು ರಾಸಾಯನಿಕ. ದೋಸೆಗೆ ಅಕ್ಕಿ ರುಬ್ಬುವುದು ಭೌತ, ಹಿಟ್ಟು ಹುಳಿ ಬರುವುದು ರಾಸಾಯನಿಕ. ಅಕ್ಕಿ ರುಬ್ಬಿದ ಮೇಲೆ ವಾಪಸ್ ಅಕ್ಕಿಯಾಗುತ್ತದೆಯೇ ಎಂದು ಅವಳೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಅಪ್ಪ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಕೆಲಸದಲ್ಲಿದ್ದವರು. ಅದೂ ಭೌತ ಬದಲಾವಣೆಯೇ ಎಂದಾಗ ಮಾತ್ರ ಅಮ್ಮನಿಗೆ ಬೇಜಾರಾಯಿತು. "ಆ ಬೆಂಕಿ ಮುಂದೆ ಮೂವತ್ತು ವರ್ಷ ನಿಂತಿದ್ದಕ್ಕೆ ಬರೀ ಭೌತನಾ? ನಮ್ಮ ಗೇಟು ಸುಮ್ನೆ ನಿಂತ್ಕೊಂಡು ತುಕ್ಕು ಹಿಡಿದಿದ್ದು ರಾಸಾಯನಿಕನಾ? ಒಳ್ಳೆ ನ್ಯಾಯ ಮಾರಾಯ್ತಿ!" ನಾನು ನಕ್ಕು ನಕ್ಕು ಸುಸ್ತಾದೆ.

ಪರೀಕ್ಷೆಗೆ ವಾರವಿರುವಾಗ ಪಕ್ಕದ ಮನೆಯ ಹುಡುಗಿ ಹೆರಿಗೆ ಮುಗಿಸಿ ಮಗುವಿನೊಂದಿಗೆ ಆಸ್ಪತ್ರೆಯಿಂದ ಬಂದಳು. ಗಂಡ ಇಲ್ಲದವಳು ಎಂದು ಎಣಿಸದೆ ಆರತಿ ಎತ್ತಲು ಅಮ್ಮನನ್ನೇ ಕರೆದರು. ಅವಸರದಲ್ಲಿ ಅಮ್ಮ ಕೈಗೆ ಸಿಕ್ಕ ಬಟ್ಟಲಿನಲ್ಲೇ ಅರಿಸಿನದ ನೀರು ಕಲಸಿ ಸುಣ್ಣ ಹಾಕಿದಳು. ಕೆಂಪಾಗಬೇಕಾದ ನೀರು ಹಳದಿಯಾಗಿಯೇ ಇತ್ತು. ಬಾಗಿಲಲ್ಲಿ ಕೂಸು ಹಿಡಿದು ನಿಂತವರು ಮುಖ ಮುಖ ನೋಡಿಕೊಂಡರು. ಅಮ್ಮ ಗಾಬರಿಯಿಂದ ಇನ್ನಷ್ಟು ಸುಣ್ಣ ಕದಡಿದ ಮೇಲೆ ನೀರು ಕೆಂಪಾಯಿತು. ಆಮೇಲೆ ನೋಡಿದರೆ ಅದು ಬೆಳಿಗ್ಗೆ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡಿಟ್ಟಿದ್ದ ಬಟ್ಟಲು, ತಳದಲ್ಲಿ ರಸ ಉಳಿದಿತ್ತು.

ಸಂಜೆ ನಾನು ಶಾಲೆಯಿಂದ ಬಂದಾಗ ಅಮ್ಮ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು, ಕೆಂಪು ನೀರಿಗೆ ನಿಂಬೆಹಣ್ಣು ಹಿಂಡುತ್ತಿದ್ದಳು. ನೀರು ಹಳದಿಯಾಯಿತು. ಸುಣ್ಣ ಹಾಕಿದಳು, ಕೆಂಪಾಯಿತು. ಮತ್ತೆ ನಿಂಬೆಹಣ್ಣು, ಮತ್ತೆ ಹಳದಿ.

"ಸುಣ್ಣ ಹಾಕಿದ್ರೆ ಆಗೋದು ರಾಸಾಯನಿಕ ಅಂತ ನೀನೇ ಹೇಳಿದ್ದೆ. ನೋಡು, ವಾಪಸ್ ಬಂತಲ್ಲೇ!"

ಅವಳ ಮುಖದಲ್ಲಿದ್ದ ಆ ಖುಷಿಯನ್ನು ನಾನು ಹಾಳು ಮಾಡಿದೆ. ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಕೈಯಲ್ಲಿತ್ತು, ತಲೆ ಸಿಡಿಯುತ್ತಿತ್ತು. "ಪರೀಕ್ಷೇಲಿ ಇದನ್ನೆಲ್ಲ ಕೇಳಲ್ಲಮ್ಮ. ಹೇಳಿಕೊಟ್ಟಷ್ಟು ಬರಿ. ಹೀಗೆ ಸ್ವಂತ ಬುದ್ಧಿ ಉಪಯೋಗಿಸಿದ್ದಕ್ಕೇ ಆವಾಗ ಫೇಲಾಗಿರ್ತೀಯ" ಎಂದುಬಿಟ್ಟೆ. ಅಮ್ಮ ಬಟ್ಟಲು ತೊಳೆದಿಟ್ಟಳು.

ಪರೀಕ್ಷಾ ಕೇಂದ್ರ ಭದ್ರಾವತಿಯಲ್ಲಿತ್ತು. ವಿಜ್ಞಾನದ ದಿನ ರಜೆ ಹಾಕಿ ಗೇಟಿನ ಹೊರಗೆ ಕಾದೆ. ಹೊರಬಂದ ಅಮ್ಮನ ಕೈಯಿಂದ ಪ್ರಶ್ನೆಪತ್ರಿಕೆ ಕಿತ್ತುಕೊಂಡು ನೋಡಿದೆ. ರಾಸಾಯನಿಕ ಬದಲಾವಣೆ ಎಂದರೇನು, ಉದಾಹರಣೆ ಕೊಡಿ ಎಂದಿತ್ತು.

"ಇದನ್ನ ಬರ್ದೆ ತಾನೆ?"

"ಇಲ್ಲ, ಅದೊಂದು ಬಿಟ್ಬಂದೆ."

"ಯಾಕಮ್ಮ? ನಿಂಗೆ ಬರ್ತಿತ್ತಲ್ಲ!"

"ವಾಪಸ್ ಬರಲ್ಲ ಅಂತ ಬರೆಯೋಕೆ ಕೈ ಓಡ್ಲಿಲ್ಲ, ಕಣ್ಣಾರೆ ನೋಡಿದೀನಲ್ಲ. ನೋಡಿದ್ದನ್ನ ಬರೆಯೋಣ ಅಂದ್ರೆ ನೀನು ಬೈತೀಯ ಅನ್ನಿಸ್ತು. ಹೋಗ್ಲಿ ಬಿಡು, ಎರಡೇ ಮಾರ್ಕು."

ನನಗೆ ಅಳು ಬಂತು. ಜನ ಓಡಾಡುವ ರಸ್ತೆ ಎಂಬುದನ್ನೂ ನೋಡದೆ ಅವಳ ಕೈ ಹಿಡಿದುಕೊಂಡೆ. "ಅಮ್ಮ, ನೀನು ನೋಡಿದ್ದೇ ಸರಿ. ಕೆಲವು ವಾಪಸ್ ಬರುತ್ತವೆ. ನಾನು ಹೇಳಿಕೊಟ್ಟಿದ್ದೇ ತಪ್ಪು."

ಅಮ್ಮ ಪರೀಕ್ಷೆ ಬರೆದ ಕೋಣೆಯತ್ತ ತಿರುಗಿ ನೋಡಿದಳು. "ಹಂಗಾದ್ರೆ ಬರೀಬಹುದಿತ್ತಾ?" ಎಂದಳು.

ಅಮ್ಮ ಪಾಸಾದಳು. ಅಂಕಪಟ್ಟಿಗೆ ಫ್ರೇಮ್ ಹಾಕಿಸಿ ಅಪ್ಪನ ಫೋಟೋ ಪಕ್ಕ ತೂಗುಹಾಕಿದ್ದಾಳೆ. ಅದರಲ್ಲಿರುವ ವಿಜ್ಞಾನದ ಅಂಕವನ್ನು ನಾನು ಯಾವಾಗಲೂ ಎರಡು ಕೂಡಿಸಿಯೇ ಓದುತ್ತೇನೆ.