ಏರಿಯ ಮೇಲೆ ಬಿಟ್ಟ ಚಪ್ಪಲಿ

ನಮ್ಮ ಸೈನ್ಸ್ ಮೇಷ್ಟ್ರು ಪ್ರತಿ ಬೇಸಿಗೆ ರಜೆಯಲ್ಲಿ ರಾಜಾಜಿನಗರದ ಹತ್ತು ಹುಡುಗರನ್ನು ಕೆಂಗೇರಿ ಕಡೆಯ ಕೆರೆಯೊಂದಕ್ಕೆ ಕರೆದೊಯ್ದು, ಒಂದು ರಾತ್ರಿ ಬಯಲಲ್ಲೇ ಮಲಗಿಸುತ್ತಿದ್ದರು. ಹಕ್ಕಿ ಕಂಡರೆ ಸಾಕು, "ಕೈ ಹಿಂದೆ, ಕಣ್ಣು ಮುಂದೆ ಕಣ್ರೋ" ಎನ್ನುತ್ತಾ ತಾವೂ ಬೆನ್ನ ಹಿಂದೆ ಕೈ ಕಟ್ಟುತ್ತಿದ್ದರು.

ಒಂದು ಸಲ ಬತ್ತಿದ ಕೆರೆಯಂಗಳದಲ್ಲಿ ಟಿಟ್ಟಿಭ ಹಕ್ಕಿಯೊಂದು ಕಿರುಚುತ್ತಾ ನಮ್ಮ ತಲೆ ಮೇಲೆ ಸುತ್ತತೊಡಗಿತು. "ಇಲ್ಲೇ ನೆಲದ ಮೇಲೆ ಮೊಟ್ಟೆ ಇಟ್ಟಿದೆ. ಕಲ್ಲಿನ ಹಾಗೇ ಕಾಣುತ್ತೆ. ಯಾರೂ ಅಲ್ಲಾಡಬೇಡಿ" ಎಂದವರೇ, ತಾವು ಒಂದು ಹೆಜ್ಜೆ ಹಿಂದೆ ಸರಿದರು. ಚಪ್ಪಲಿಯಡಿ ಏನೋ ಚಿಟಕ್ಕೆಂದಿತು.

ಕಾಲು ಒರೆಸಿಕೊಂಡು ಸುಮ್ಮನಾಗಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಅವರು ಚಪ್ಪಲಿ ಎತ್ತಿ ತೋರಿಸಿ, "ನೋಡ್ರೋ, ತಪ್ಪು ನಂದು" ಎಂದರು. ಉಳಿದ ಮೂರು ಮೊಟ್ಟೆಗಳಿಗಾಗಿ ಬಿಡಾರವನ್ನೇ ದೂರದ ಹುಣಸೆಮರದಡಿಗೆ ಸಾಗಿಸಿದೆವು. ಅಡುಗೆ ಪಾತ್ರೆಗಳನ್ನೆಲ್ಲ ಅವರೇ ಹೊತ್ತರು.

ಮುಂದಿನ ಬೇಸಿಗೆ ಅವರು ಕೆರೆ ಏರಿಯ ಮೇಲೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಇಳಿದರು.

"ಬಿಸಿಲು ಸುಡುತ್ತೆ ಸಾರ್" ಎಂದೆ.

"ಸುಡ್ಲಿ ಬಿಡೋ. ಆಗ್ಲೇ ನೋಡ್ಕೊಂಡು ಕಾಲಿಡ್ತೀನಿ."

ಹುಡುಗರಲ್ಲಿ ಚಪ್ಪಲಿ ಇದ್ದವನು ನಾನೊಬ್ಬನೇ. ಬಿಚ್ಚಿ, ಅವರ ಚಪ್ಪಲಿಯ ಪಕ್ಕ ಇಟ್ಟೆ. ಆ ನೆಲದ ಕಾವು ನನ್ನ ಅಂಗಾಲಿಗೆ ಇಂದಿಗೂ ನೆನಪಿದೆ.